ದಪ್ಪಗಿರೋಳಿಗೆ ಬೇರೆ ಅಡುಗೆ ಬೇಡ, ಮನೆ ಅಡುಗೆನೇ ಬದಲಾಗಲಿ

ಹೆಣ್ಣು ನೋಡೋಕೆ ಬಂದೋರು "ಮೈಕೈ ತುಂಬ್ಕೊಂಡು ಲಕ್ಷಣವಾಗಿದಾಳೆ" ಅಂತಾರೆ. ಬಾಣಂತನ ಮುಗಿಸ್ಕೊಂಡು ಬಂದಾಗ "ಪರವಾಗಿಲ್ಲ, ತವರಲ್ಲಿ ಚೆನ್ನಾಗಿ ಆರೈಕೆ ಮಾಡಿದಾರೆ" ಅಂತಾರೆ. ಅದೇ ಹೆಂಗಸು ನಲವತ್ತು ದಾಟಿ ಒಂದು ಮದುವೆ ಮನೆಗೆ ಹೋಗ್ಲಿ. "ಏನೇ ಇದು, ಇಷ್ಟೊಂದು ಊದ್ಕೊಂಡ್ಬಿಟ್ಟಿದೀಯ, ಸ್ವಲ್ಪ ಬಾಯಿ ಕಟ್ಟೇ" ಅಂತ ನಮ್ಮೋರೇ ಹೇಳ್ತಾರೆ, ಅದೂ ಎಲೆ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ.

ಹೇಳೋರಿಗೆ ಅದು ಒಂದು ನಿಮಿಷದ ಮಾತು. ಕೇಳಿಸ್ಕೊಂಡೋಳು ಮನೆಗೆ ಬಂದು ಮಾರನೇ ದಿನದಿಂದ ತಿಂಡಿ ಬಿಡ್ತಾಳೆ. ಹದಿನೈದು ದಿನ ಹೇಗೋ ತಳ್ಳಿ, ಹದಿನಾರನೇ ದಿನ ತಲೆಸುತ್ತಿ ಕೂತ್ಕೊಳ್ತಾಳೆ. ಈ ಕಥೆ ನಮ್ಮ ಬೀದಿಲಿ ಮನೆ ಮನೇಲೂ ನಡೆದಿದೆ, ಅದಕ್ಕೇ ಇವತ್ತು ಇದರ ಬಗ್ಗೆ ಬರೀತಿದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಮೈಕೈ ತುಂಬಿರೋ ಹೆಂಗಸ್ರಿಗೆ ಅಂತ ಬೇರೆ ಊಟ ಮಾಡೋದೇ ಬೇಡ. ಅವಳೊಬ್ಬಳು ಬಾಯಿ ಕಟ್ಕೊಂಡು, ಉಳಿದೋರಿಗೆಲ್ಲ ಅವಳೇ ನಿಂತು ಪೂರಿ ಕರೆದು ಬಡಿಸೋದು ಬಹಳ ದಿನ ನಡೆಯೋ ಕೆಲಸ ಅಲ್ಲ. ಬದಲಾಗಬೇಕಾದ್ದು ಮನೇಲಿ ಎಲ್ಲರಿಗೂ ಅಂತ ಒಲೆ ಮೇಲೆ ಇಡೋ ಪಾತ್ರೆ. ಅದರಲ್ಲಿ ಇರೋದನ್ನೇ ಅವಳೂ ತಿನ್ನಬೇಕು, ಎಲ್ಲರ ಜೊತೆ ಕೂತು ತಿನ್ನಬೇಕು. ಹತ್ತು ವರ್ಷ ನಡೆಸೋಕಾಗದ ಪಥ್ಯಾನ ಹತ್ತು ದಿನಕ್ಕೂ ಹಿಡೀಬಾರದು.

ಈಗ ಪೇಟೇಲಿ ಸಿಗೋ ಪಥ್ಯಗಳನ್ನ ನೀವೇ ನೋಡಿ. ಬೆಳಿಗ್ಗೆ ಡಬ್ಬದ ಪುಡಿ ಕಲಸ್ಕೊಂಡು ಕುಡೀಬೇಕು, ಮಧ್ಯಾಹ್ನ ಬರೀ ಸೌತೆಕಾಯಿ, ರಾತ್ರಿ ಮತ್ತೆ ಪುಡಿ. ಇನ್ನೊಬ್ಬರು ಅನ್ನ ಮುಟ್ಟಲೇಬೇಡಿ ಅಂತಾರೆ, ಮತ್ತೊಬ್ಬರು ಸಂಜೆ ಐದರ ಮೇಲೆ ನೀರು ಬಿಟ್ಟು ಏನೂ ಬೇಡ ಅಂತಾರೆ. ಡಬ್ಬಕ್ಕೆ ಸಾವಿರಾರು ರೂಪಾಯಿ. ಮೊದಲನೇ ತಿಂಗಳು ಮೂರು ಕೆಜಿ ಇಳಿಯತ್ತೆ, ಎಲ್ಲರಿಗೂ ಫೋನ್ ಮಾಡಿ ಹೇಳ್ತಾರೆ. ಆಮೇಲೆ ಗೌರಿ ಹಬ್ಬ ಬರತ್ತೆ, ಅದರ ಹಿಂದೇನೇ ದಸರಾ, ದೀಪಾವಳಿ. ಸಂಕ್ರಾಂತಿ ಹೊತ್ತಿಗೆ ಇಳಿದ ಮೂರು ಕೆಜಿ ವಾಪಸ್ ಬಂದು, ಜೊತೆಗೆ ಇನ್ನೊಂದು ಕೆಜಿನ ಕರ್ಕೊಂಡು ಬಂದಿರತ್ತೆ. ಆಗ ನಾವು ಬೈಯೋದು ಪುಡಿನಲ್ಲ, ಆ ಹೆಂಗಸನ್ನ. "ಅವಳಿಗೆ ನಾಲಿಗೆ ಹಿಡಿತ ಇಲ್ಲ" ಅಂತೀವಿ.

ನಾಲಿಗೆ ಹಿಡಿತದ ಮಾತಿಗೆ ಒಂದು ಹಳೇ ಪರೀಕ್ಷೆ ನೆನಪಿಸ್ತೀನಿ. ಎರಡನೇ ಮಹಾಯುದ್ಧದ ಕೊನೇಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಹುಡುಗರನ್ನ ಆರು ತಿಂಗಳು ಅರೆಹೊಟ್ಟೇಲಿ ಇಟ್ಟು ನೋಡಿದ್ರು. ಯುದ್ಧದಲ್ಲಿ ಹಸಿದು ಕೂತ ಜನಕ್ಕೆ ಮತ್ತೆ ಹೇಗೆ ಊಟ ಕೊಟ್ಟು ಚೇತರಿಸ್ಕೊಳ್ಳೋ ಹಾಗೆ ಮಾಡೋದು ಅಂತ ತಿಳ್ಕೊಳ್ಳೋಕೆ ಇದನ್ನ ಮಾಡಿದ್ದು. ಹುಡುಗರೆಲ್ಲ ತಾವಾಗೇ ಒಪ್ಪಿ ಬಂದೋರು, ಹಟ ಇದ್ದೋರು. ಆದರೂ ಸ್ವಲ್ಪ ದಿನಕ್ಕೆಲ್ಲ ಅವರಿಗೆ ಊಟ ಬಿಟ್ಟು ಬೇರೆ ಯೋಚನೆನೇ ಇಲ್ಲದ ಹಾಗಾಯ್ತು. ತಟ್ಟೆ ನೆಕ್ಕೋರು, ಅಡುಗೆ ಪುಸ್ತಕ ಕೂಡಿಟ್ಕೊಂಡು ಓದೋರು, ಸಣ್ಣ ಸಣ್ಣದಕ್ಕೂ ಸಿಡುಕೋರು. ಪರೀಕ್ಷೆ ಮುಗಿದು ಬೇಕಾದಷ್ಟು ಊಟ ಕೊಟ್ಟಾಗ ಎಷ್ಟು ತಿಂದ್ರೂ ಹೊಟ್ಟೆ ತುಂಬಿದ ಹಾಗೆ ಅನ್ನಿಸ್ತಿರಲಿಲ್ಲ. ಅಂಥ ಗಟ್ಟಿ ಹುಡುಗರದ್ದೇ ಹೀಗಾದ್ರೆ, ಇಡೀ ದಿನ ಅಡುಗೆ ಮನೇಲೇ ಇದ್ದು, ಪಲ್ಯದ ಉಪ್ಪು ನೋಡಿ, ಒಗ್ಗರಣೆ ವಾಸನೆ ಕುಡಿದು, ನಾಲ್ಕು ಜನಕ್ಕೆ ಬಿಸಿ ಬಿಸಿ ಬಡಿಸಿ, ತಾನು ಮಾತ್ರ ಸೌತೆಕಾಯಿ ತಿನ್ನೋ ಹೆಂಗಸಿನ ಗತಿ ಏನು? ಅವಳು ಸೋತಳು ಅನ್ನೋದು ಅನ್ಯಾಯದ ಮಾತು.

ಇನ್ನೊಂದು ವಿಷಯ ನಾವು ಬಾಯಿ ಬಿಟ್ಟು ಹೇಳೋದೇ ಇಲ್ಲ. ನಮ್ಮ ಮನೆಗಳಲ್ಲಿ ಹೆಂಗಸು ದಪ್ಪ ಆಗೋದು ಅವಳು ಆಸೆ ಪಟ್ಟು ತಿಂದಿದ್ದರಿಂದ ಅಲ್ಲ, ಎಷ್ಟೋ ಸಲ ಮಿಕ್ಕಿದ್ದನ್ನ ತಿಂದಿದ್ದರಿಂದ. ಮಗು ತಟ್ಟೇಲಿ ಬಿಟ್ಟ ಅರ್ಧ ದೋಸೆ, ಮನೇವ್ರು ಬೇಡ ಅಂದ ಎರಡು ಪೂರಿ, ಚಟ್ಟಿ ತಳದ ಒಂದು ಸೌಟು ಬಿಸಿಬೇಳೆಬಾತ್, ನಿನ್ನೆ ರಾತ್ರಿ ಅನ್ನ ಇವತ್ತಿನ ಚಿತ್ರಾನ್ನ. ಚೆಲ್ಲೋಕೆ ಮನಸ್ಸು ಬರಲ್ಲ, ಅನ್ನ ದೇವರು ಅಂತ ಬೆಳೆದೋರು ನಾವು. ಅದಕ್ಕೇ ನಿಂತ್ಕೊಂಡೇ ಬಾಯಿಗೆ ಹಾಕ್ಕೊಳ್ತೀವಿ. ಇದನ್ನ ಯಾರೂ ಊಟದ ಲೆಕ್ಕಕ್ಕೆ ಹಿಡಿಯಲ್ಲ, ತಿಂದೋಳೂ ಹಿಡಿಯಲ್ಲ. ಹೀಗೆ ಮೈಗೆ ಸೇರೋದು ಬರೀ ಅನ್ನ, ರವೆ, ಎಣ್ಣೆ. ಪಲ್ಯ, ಸೊಪ್ಪು, ಮೊಸರು, ಹಣ್ಣು ಯಾವತ್ತೂ ಮಿಕ್ಕಲ್ಲ ನೋಡಿ, ಅದೆಲ್ಲ ಮೊದಲ ಪಂಕ್ತೀಲೇ ಖಾಲಿ.

ಆದ್ದರಿಂದ ಒಂದೇ ಮೈಯಲ್ಲಿ ಎರಡು ತೊಂದರೆ. ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಐದನೇ ಸಲ 2019-21ರಲ್ಲಿ ನಡೀತು. ಅದರ ಪ್ರಕಾರ ನಮ್ಮ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಜನ ತೂಕ ಹೆಚ್ಚಿರೋರು. ಅದೇ ಸಮೀಕ್ಷೇಲಿ ಹತ್ತತ್ರ ಅರ್ಧದಷ್ಟು ಹೆಂಗಸರಿಗೆ ರಕ್ತ ಕಮ್ಮಿ. ದಪ್ಪಗಿದ್ದು, ಮೆಟ್ಟಿಲು ಹತ್ತಿದ್ರೆ ಏದುಸಿರು ಬಂದು, ಕಣ್ಣು ಕೆಳಗೆ ಎಳೆದು ನೋಡಿದ್ರೆ ಬಿಳಚ್ಕೊಂಡಿರೋರು ನಮ್ಮಲ್ಲಿ ಎಷ್ಟು ಜನ ಇಲ್ಲ! ಇಂಥೋಳಿಗೆ "ಬಾಯಿ ಕಟ್ಟು" ಅಂದ್ರೆ ಇರೋ ನಾಲ್ಕು ಹನಿ ರಕ್ತಾನೂ ಕಮ್ಮಿ ಮಾಡ್ಕೊ ಅಂದ ಹಾಗೆ. ಅವಳಿಗೆ ಕೆಲವು ಪದಾರ್ಥ ಕಮ್ಮಿ ಬೇಕು, ಕೆಲವು ಜಾಸ್ತಿ ಬೇಕು.

ನಮ್ಮ ಊರಲ್ಲಿ ಆಹಾರದ ವಿಜ್ಞಾನಕ್ಕೆ ಬರ ಇಲ್ಲ. ಚೆಲುವಾಂಬ ಅಮ್ಮಣ್ಣಿಯವರ ಅರಮನೇಲಿ ಸಿಎಫ್‌ಟಿಆರ್‌ಐ ಶುರುವಾಗಿದ್ದು 1950ರಲ್ಲಿ. ಆವಾಗ ದೇಶಕ್ಕೆ ಊಟಕ್ಕೇ ತತ್ವಾರ. ಇರೋ ಧಾನ್ಯ ಹಾಳಾಗದ ಹಾಗೆ ಕಾಪಾಡೋದು ಹೇಗೆ, ಕಡ್ಲೆಕಾಯಿ ಹಿಂಡಿ ಹಿಟ್ಟಿಂದ ಬಡವರ ಮಕ್ಕಳಿಗೆ ಸತ್ವ ಕೊಡೋದು ಹೇಗೆ ಅಂತ ಅಲ್ಲಿನವರು ತಲೆ ಕೆಡಿಸ್ಕೊಂಡಿದ್ರು. ನಮ್ಮ ಅಜ್ಜಿ, ಅಮ್ಮಂದಿರು ಆ ಕಾಲದೋರು. ತುಂಬಿದ ಮೈ ಅಂದ್ರೆ ಉಂಡು ಉಟ್ಟು ಇರೋ ಮನೆ ಅಂತ ಅರ್ಥ ಆವಾಗ. ಈಗ ಅಕ್ಕಿ, ಸಕ್ಕರೆ, ಎಣ್ಣೆ ಮೂರೂ ಸಲೀಸಾಗಿ ಸಿಗತ್ತೆ. ಆದರೆ ಬಡಿಸೋ ಪದ್ಧತಿ ಮಾತ್ರ ಇನ್ನೂ ತತ್ವಾರದ ಕಾಲದ್ದೇ: ಮೊದಲು ಗಂಡಸ್ರು, ಆಮೇಲೆ ಮಕ್ಕಳು, ಕೊನೆಗೆ ಅಡುಗೆ ಮಾಡಿದೋಳು.

ಸರಿ, ಪಾತ್ರೇಲಿ ಏನಿರಬೇಕು ಅಂತ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಊಟದ ಬಗ್ಗೆ ಹೊಸ ಮಾರ್ಗದರ್ಶಿ ಹೊರಡಿಸಿದಾರೆ. ದಿನಕ್ಕೆ 2000 ಕ್ಯಾಲೊರಿ ಬೇಕಾಗೋ ಒಬ್ಬರಿಗೆ ಅವರು ಹೇಳೋ ಲೆಕ್ಕ ಹೀಗಿದೆ, ಎಲ್ಲಾ ಬೇಯಿಸೋಕೆ ಮುಂಚಿನ ತೂಕ: ಅಕ್ಕಿ, ರಾಗಿ, ಗೋಧಿ, ರವೆ ಎಲ್ಲಾ ಸೇರಿ 250 ಗ್ರಾಂ. ಬೇಳೆ ಕಾಳು 85 ಗ್ರಾಂ, ಅದರಲ್ಲೇ ಮೊಟ್ಟೆ ಮಾಂಸ ತಿನ್ನೋರಿಗೆ ಅದೂ ಸೇರತ್ತೆ. ತರಕಾರಿ, ಸೊಪ್ಪು ಸೇರಿ 400 ಗ್ರಾಂ. ಹಣ್ಣು 100 ಗ್ರಾಂ. ಹಾಲು ಮೊಸರು 300 ಎಂಎಲ್. ಕಡ್ಲೆಕಾಯಿ, ಎಳ್ಳಿನಂಥದ್ದು 35 ಗ್ರಾಂ. ಎಣ್ಣೆ ತುಪ್ಪ 27 ಗ್ರಾಂ. ಹೆಚ್ಚು ಮೈಬಗ್ಗಿಸೋ ಕೆಲಸ ಇಲ್ಲದ ಹೆಂಗಸಿಗೆ 2000 ಕ್ಯಾಲೊರಿನೂ ಬೇಡ, 1660 ಸಾಕು ಅನ್ನತ್ತೆ ಅದೇ ಸಂಸ್ಥೆ.

ಗ್ರಾಂ ಲೆಕ್ಕ ಕೇಳಿ ಹೆದರಬೇಡಿ. ತಕ್ಕಡಿ ಇಟ್ಕೊಂಡು ಯಾರೂ ಅಡುಗೆ ಮಾಡೋಕಾಗಲ್ಲ. ಇದನ್ನ ನಾಲ್ಕು ಜನ ಇರೋ ಮನೆಗೆ ಗುಣಿಸಿ, ಮಾರ್ಕೆಟ್ ಚೀಲದ ಲೆಕ್ಕಕ್ಕೆ ತಂದು ನೋಡಿ. ತರಕಾರಿ ಸೊಪ್ಪು ದಿನಕ್ಕೆ ಒಂದೂವರೆ ಕೆಜಿ ಮೇಲೆ ಆಯ್ತು. ನಾವೇನು ಮಾಡ್ತೀವಿ? ಅರ್ಧ ಕೆಜಿ ಹುರುಳೀಕಾಯಿ ತಂದು, ಅದರಲ್ಲಿ ಅರ್ಧ ಪಲ್ಯ ಮಾಡಿ ಅರ್ಧ ನಾಳೆಗೆ ಇಟ್ಕೊಳ್ತೀವಿ. ತಟ್ಟೇಲಿ ಅನ್ನ ಬೆಟ್ಟ, ಪಲ್ಯ ಉಪ್ಪಿನಕಾಯಿ ಥರ ಮೂಲೇಲಿ. ಬೇಳೆ ಕಾಳು ನಾಲ್ಕು ಜನಕ್ಕೆ ದಿನಕ್ಕೆ 340 ಗ್ರಾಂ, ಅಂದ್ರೆ ಮೂರು ದಿನಕ್ಕೆ ಒಂದು ಕೆಜಿ. ನಮ್ಮ ತಿಳಿ ಸಾರಲ್ಲಿ ಬೇಳೆ ಹುಡುಕಬೇಕು! ಎಣ್ಣೆ ತುಪ್ಪ ಎಲ್ಲಾ ಸೇರಿ ತಿಂಗಳಿಗೆ ಮೂರೂಕಾಲು ಕೆಜಿ ಅಷ್ಟೇ. ಎಣ್ಣೆ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ, ತಿಂಗಳ ಕೊನೇಲಿ ಕೂಡಿ ನೋಡಿ. ಬೇರೆ ಯಾರೂ ಹೇಳೋದು ಬೇಡ, ಪ್ಯಾಕೆಟ್ಟೇ ಹೇಳತ್ತೆ.

ಹೀಗಾಗಿ ಮೊದಲ ಬದಲಾವಣೆ ಅಂದ್ರೆ ಯಾವ್ದನ್ನೂ ಬಿಡೋದಲ್ಲ, ತರಕಾರಿ ಕಾಳು ಎರಡರಷ್ಟು ಮಾಡೋದು. ಉಪ್ಪಿಟ್ಟಿಗೆ ಎಷ್ಟು ರವೆನೋ ಅಷ್ಟೇ ತೂಕ ತರಕಾರಿ ಹಾಕಿ. ಹುಳಿಗೆ ಬೇಳೆ ಇನ್ನೊಂದು ಹಿಡಿ ಜಾಸ್ತಿ. ಊಟಕ್ಕೆ ಕೂತಾಗ ಮೊದಲು ಕೋಸಂಬರಿ, ಪಲ್ಯ ಬಡಿಸ್ಬಿಡಿ, ಅನ್ನ ಆಮೇಲೆ ಬರಲಿ. ಎಲೆ ಊಟದಲ್ಲಿ ಹಿರಿಯರು ಮಾಡಿಟ್ಟ ಕ್ರಮಾನೂ ಅದೇ ಅಲ್ವಾ? ಕೋಸಂಬರಿ, ಪಲ್ಯ ಬಡಿಸಿ ಆದ ಮೇಲೇ ಅನ್ನ ಬರೋದು.

ನಮ್ಮ ಕಡೆ ಬಸ್ಸಾರು ಇದೆಯಲ್ಲ, ಅದಕ್ಕಿಂತ ಒಳ್ಳೇ ಅಡುಗೆ ನನಗೆ ಗೊತ್ತಿಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದು, ಕಟ್ಟಿನಲ್ಲಿ ಸಾರು, ಬಸಿದ ಸೊಪ್ಪು ಕಾಳಿಂದ ಪಲ್ಯ. ಒಂದೇ ಬೇಯೋದ್ರಲ್ಲಿ ಎರಡು ಪದಾರ್ಥ, ಗ್ಯಾಸೂ ಉಳೀತು, ಸತ್ವಾನೂ ಚೆಲ್ಲಲಿಲ್ಲ, ಎಣ್ಣೆ ಎರಡು ಚಮಚ ಸಾಕು. ದಂಟಿನ ಸೊಪ್ಪು, ಕೀರೆ, ಸಬ್ಬಸಿಗೆ, ನುಗ್ಗೆ ಸೊಪ್ಪು, ಹೊನಗೊನೆ, ಬೆರಕೆ ಸೊಪ್ಪು, ಯಾವುದಾದ್ರೂ ಆಗತ್ತೆ. ಹುರುಳಿ ಕಾಳು, ಹೆಸರು ಕಾಳು, ಅಲಸಂದೆ, ಅವರೆ, ವಾರಕ್ಕೆ ಏಳು ದಿನ ಏಳು ಥರ ಮಾಡಬಹುದು. ಮೇಲೆ ಒಂದಿಷ್ಟು ನಿಂಬೆ ಹುಳಿ ಹಿಂಡಿದ್ರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತತ್ತೆ. ಊಟ ಆದ ತಕ್ಷಣ ಕಾಫಿ ಟೀ ಕುಡಿದ್ರೆ ಅದೇ ಕಬ್ಬಿಣ ದಕ್ಕಲ್ಲ. ಒಂದು ಗಂಟೆ ಬಿಟ್ಟು ಕುಡೀರಿ, ಕಾಫಿ ಎಲ್ಲೂ ಓಡಿ ಹೋಗಲ್ಲ.

ರಾಗಿ ಬಗ್ಗೆ ಒಂದು ಮಾತು. ರಾಗಿ ತಿಂದ್ರೆ ಸಣ್ಣ ಆಗ್ತಾರೆ ಅಂತ ಈಗ ಎಲ್ಲರ ಬಾಯಲ್ಲೂ ಇದೆ. ಹಾಗೇನಿಲ್ಲ. ನೂರು ಗ್ರಾಂ ರಾಗೀಲಿ 320 ಕ್ಯಾಲೊರಿ ಆಸುಪಾಸು ಇದೆ, ಅಕ್ಕೀಲಿ 350 ಆಸುಪಾಸು. ದೊಡ್ಡ ವ್ಯತ್ಯಾಸ ಇಲ್ಲ. ಎರಡು ದಪ್ಪ ಮುದ್ದೆ ನುಂಗಿ ಮೇಲೆ ಅನ್ನ ಉಂಡ್ರೆ ಯಾರೂ ಸಣ್ಣ ಆಗಲ್ಲ. ಆದರೆ ರಾಗೀಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬಿ ಬಹಳ ಹೊತ್ತು ತಡೆಯತ್ತೆ. ನೂರು ಗ್ರಾಂಗೆ 360 ಮಿಲಿಗ್ರಾಂ ಮೇಲೆ ಸುಣ್ಣದ ಅಂಶ ಇದೆ, ಅಕ್ಕೀಲಿ ಹತ್ತೂ ಇಲ್ಲ. ಮುಟ್ಟು ನಿಂತ ಮೇಲೆ ಮೂಳೆ ಸವೆಯೋ ನಮ್ಮಂಥೋರಿಗೆ ಅದು ದೊಡ್ಡ ಲಾಭ. ಜೊತೆಗೆ ಅದು ಮಳೆ ನೀರಲ್ಲೇ ಬರೋ ಬೆಳೆ, ಭತ್ತದ ಹಾಗೆ ನಾಲೆ ನೀರು ನಿಲ್ಲಿಸಿ ಬೆಳೀಬೇಕಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಬೆರಕೆ ಮಾಡಿ ಇಂಡಾಫ್ ತಳಿ ತೆಗೆದ್ರು, ಅದರಿಂದ ಇಳುವರಿ ಹೆಚ್ಚಿತು. ಇಷ್ಟು ಹತ್ತಿರದಲ್ಲಿ ಇಷ್ಟು ಒಳ್ಳೇದು ಬೆಳೆಯೋವಾಗ ದಿನದಲ್ಲಿ ಒಂದು ಹೊತ್ತು ರಾಗಿ ಇಟ್ಕೊಳ್ಳೋದಕ್ಕೆ ಏನು ಕಷ್ಟ?

ದೂರದ ಹೆಸರಿನ ಪದಾರ್ಥ ಬಂದ್ರೆ ಅದನ್ನೂ ದ್ವೇಷ ಮಾಡೋದು ಬೇಡ. ಚಿಯಾ ಬೀಜಾನ ಈಗ ನಮ್ಮ ಹೆಗ್ಗಡದೇವನಕೋಟೆ ಕಡೆ ರೈತರೂ ಬೆಳೀತಾರೆ, ಸಿಎಫ್‌ಟಿಆರ್‌ಐನೋರೇ ಅದನ್ನ ಇಲ್ಲಿಗೆ ಪರಿಚಯ ಮಾಡ್ಸಿದ್ದು. ಇಷ್ಟ ಇದ್ದು, ಕೈಗೆಟುಕಿದ್ರೆ ತಿನ್ನಿ. ಇಲ್ಲ ಅಂದ್ರೆ ಹುಚ್ಚೆಳ್ಳು ಚಟ್ನಿಪುಡಿ, ಒಂದು ಹಿಡಿ ಬೇಯಿಸಿದ ಕಡ್ಲೆಕಾಯಿ ಇದ್ದೇ ಇದೆ. ಸೇಬು ಇನ್ನೂರು ರೂಪಾಯಿ ಆದಾಗ ಸೀಬೆಹಣ್ಣು, ಪರಂಗಿ ಹಣ್ಣು, ಏಲಕ್ಕಿ ಬಾಳೆಗೇನು ಕಮ್ಮಿ? ದೇವರಾಜ ಮಾರ್ಕೆಟ್ಟಿಗೋ ಎಂ.ಜಿ. ರೋಡ್ ಮಾರ್ಕೆಟ್ಟಿಗೋ ಹೋದಾಗ ಅವತ್ತು ರಾಶಿ ಬಿದ್ದಿರೋದು ಯಾವುದು ಅಂತ ನೋಡಿ ತನ್ನಿ. ಕಾಲಕ್ಕೆ ತಕ್ಕಂತೆ ಬಂದಿದ್ದು ಅಗ್ಗಾನೂ ಹೌದು, ರುಚೀನೂ ಹೌದು. ಮಾಗಿ ಚಳೀಲಿ ಅವರೆಕಾಯಿ ಬಿಟ್ಟು ಹೊರದೇಶದ ಹೂಕೋಸು ಯಾಕೆ ಹುಡುಕಬೇಕು?

ನಮ್ಮ ವಯಸ್ಸಿನೋರು ಗಮನಿಸಬೇಕಾದ್ದು ಇನ್ನೊಂದಿದೆ. ಮುಟ್ಟು ನಿಲ್ಲೋ ಕಾಲಕ್ಕೆ ಕೊಬ್ಬು ಸೊಂಟ ತೊಡೆ ಬಿಟ್ಟು ಹೊಟ್ಟೆಗೆ ಸೇರೋಕೆ ಶುರು ಆಗತ್ತೆ, ಮಾಂಸಖಂಡ ಕರಗತ್ತೆ. ಆವಾಗ ಊಟ ಬಿಟ್ರೆ ಕೊಬ್ಬಿನ ಜೊತೆ ಇರೋ ಶಕ್ತೀನೂ ಹೋಗತ್ತೆ. 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಒಂದು ಲೋಟ ಹಾಲಿಗೆ ಆರೋ ಏಳೋ ಗ್ರಾಂ, ಒಂದು ಹಿಡಿ ಕಾಳಿಗೆ ಅಷ್ಟೇ, ಒಂದು ಮೊಟ್ಟೆಗೂ ಅಷ್ಟೇ. ಕಾಫಿ ಬಿಸ್ಕತ್ತಲ್ಲಿ ಹೊಟ್ಟೆ ತುಂಬಿಸ್ಕೊಂಡ್ರೆ ಈ ಲೆಕ್ಕ ಯಾವ ಜನ್ಮಕ್ಕೂ ತುಂಬಲ್ಲ. ಮೂರು ಹೊತ್ತೂ ತಟ್ಟೇಲಿ ಬೇಳೇನೋ ಕಾಳೋ ಮೊಸರೋ ಮೊಟ್ಟೇನೋ ಏನಾದ್ರೊಂದು ಇರಲೇಬೇಕು.

ಒಪ್ಪತ್ತಿನ ಬಗ್ಗೆ ಹೇಳದೇ ಇದ್ರೆ ಹೇಗೆ? ಶನಿವಾರ ಒಪ್ಪತ್ತು, ಸೋಮವಾರ ಒಪ್ಪತ್ತು, ಏಕಾದಶಿ. ದೇವರ ಮೇಲಿನ ಭಕ್ತಿಗೆ ಮಾಡಿ, ಅದು ನಿಮ್ಮ ಮನಸ್ಸಿಗೆ ಸೇರಿದ್ದು. ಸಣ್ಣ ಆಗೋಕೆ ಅಂತ ಮಾತ್ರ ಮಾಡಬೇಡಿ. ಅನ್ನ ಬಿಟ್ಟು ಸಂಜೆಗೆ ಸಬ್ಬಕ್ಕಿ ಉಪ್ಪಿಟ್ಟು, ಅವಲಕ್ಕಿ, ಸಜ್ಜಿಗೆ, ಮೇಲೆ ಎರಡು ಬಾಳೆಹಣ್ಣು, ಹಾಲು! ಬಿಟ್ಟ ಅನ್ನಕ್ಕಿಂತ ಫಲಾಹಾರಾನೇ ಜಾಸ್ತಿ ಆಗಿರತ್ತೆ. ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳೋರು, ಇನ್ಸುಲಿನ್ ಚುಚ್ಕೊಳ್ಳೋರು ಡಾಕ್ಟರನ್ನ ಕೇಳದೇ ಉಪವಾಸ ಮಾಡಲೇಬಾರದು. ಸಕ್ಕರೆ ಅಂಶ ದಿಢೀರಂತ ಇಳಿದ್ರೆ ಜೀವಕ್ಕೇ ಅಪಾಯ.

ಸಿಹಿ ಬಿಡಬೇಕಾ? ಮೈಸೂರಲ್ಲಿದ್ದು ಮೈಸೂರು ಪಾಕ್ ಬಿಡಿ ಅಂದ್ರೆ ಯಾರು ಕೇಳ್ತಾರೆ? ಅರಮನೆ ಅಡುಗೆ ಮನೇಲಿ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿದ ತಿಂಡಿ ಅದು, ಹಬ್ಬಕ್ಕೆ ತಿನ್ನೋಕೇ ಇರೋದು. ತೊಂದರೆ ಇರೋದು ಹಬ್ಬದ ದಿನ ಅಲ್ಲ, ಹಬ್ಬದ ಮಾರನೇ ದಿನದಿಂದ ಡಬ್ಬ ಖಾಲಿ ಆಗೋವರೆಗೂ. ಅರ್ಧ ಕೆಜಿ ತಂದಾಗ ಅವತ್ತೇ ನಾಲ್ಕು ಮನೆಗೆ ಹಂಚಿಬಿಡಿ. ಕೂತ್ಕೊಂಡು, ತಟ್ಟೇಗೆ ಹಾಕ್ಕೊಂಡು, ಎಲ್ಲರ ಎದುರಿಗೆ ಒಂದು ತುಂಡು ತಿನ್ನಿ. ಕದ್ದು ತಿಂದ ಸಿಹಿಗೆ ತೃಪ್ತಿ ಇರಲ್ಲ, ಅದಕ್ಕೇ ಕೈ ಮತ್ತೆ ಡಬ್ಬಕ್ಕೆ ಹೋಗತ್ತೆ. ನಿಜವಾಗ್ಲೂ ಕಮ್ಮಿ ಮಾಡಬೇಕಾದ್ದು ದಿನಾ ಸದ್ದಿಲ್ಲದೇ ಒಳಗೆ ಹೋಗೋ ಸಕ್ಕರೆ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಅಂದ್ರೆ ಎಂಟು ಚಮಚ ಆಯ್ತು. ತಿಂಗಳಿಗೆ ಒಂದು ಕೆಜಿ ಮೇಲೆ ಕಾಫೀಲೇ ಕುಡಿದಿರ್ತೀವಿ.

ಇನ್ನು ಅಳತೆ ವಿಷಯ. ದಿನಾ ಬೆಳಿಗ್ಗೆ ತೂಕದ ಮಷೀನ್ ಹತ್ತಿ ಅಳೋದು ಬೇಡ. ರವಿಕೆ ಹೊಲಿಯೋ ಟೇಪ್ ಇದ್ರೆ ಸಾಕು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ಮಧ್ಯ, ಉಸಿರು ಬಿಟ್ಟು ಅಳೀರಿ. ನಮ್ಮ ದೇಶದ ಹೆಂಗಸರಿಗೆ ಹೊಟ್ಟೆ ಸುತ್ತಳತೆ 80 ಸೆಂಟಿಮೀಟರ್, ಅಂದ್ರೆ ಮೂವತ್ತೊಂದೂವರೆ ಇಂಚು ದಾಟಿದ್ರೆ ಎಚ್ಚರ ಬೇಕು ಅಂತಾರೆ ಡಾಕ್ಟರುಗಳು. ದಾಟಿದೆ ಅಂತ ಕೂಡಲೇ ಎದೆ ಒಡ್ಕೊಳ್ಳೋದೂ ಬೇಡ. ಸಕ್ಕರೆ, ಬಿಪಿ, ಥೈರಾಯ್ಡ್, ಹಿಮೋಗ್ಲೋಬಿನ್ ವರ್ಷಕ್ಕೊಂದು ಸಲ ಪರೀಕ್ಷೆ ಮಾಡ್ಸಿ. ಕೆಲವರ ಮೈಕಟ್ಟೇ ದೊಡ್ಡದು, ಅಜ್ಜಿಯಿಂದ ಬಂದದ್ದು. ಅವರನ್ನ ಕಡ್ಡಿ ಮಾಡೋದು ಯಾರಿಂದಲೂ ಆಗಲ್ಲ, ಮಾಡೋ ಅಗತ್ಯಾನೂ ಇಲ್ಲ.

ಇದಕ್ಕೆ ಆಧಾರ ನಮ್ಮ ಪಕ್ಕದ ಚೆನ್ನೈಲೇ ಸಿಕ್ಕಿದೆ. ಅಲ್ಲಿನ ಡಾಕ್ಟರುಗಳು ಸಕ್ಕರೆ ಕಾಯಿಲೆ ಹೊಸಲಲ್ಲಿ ನಿಂತಿದ್ದ 531 ಜನರನ್ನ ಗುಂಪು ಗುಂಪು ಮಾಡಿ ನೋಡ್ಕೊಂಡ್ರು, ವರದಿ 2006ರಲ್ಲಿ ಬಂತು. ಮೂರು ವರ್ಷದ ಲೆಕ್ಕದಲ್ಲಿ, ಮಾಮೂಲಿ ಹಾಗೇ ಇದ್ದ ಗುಂಪಲ್ಲಿ ನೂರಕ್ಕೆ 55 ಜನಕ್ಕೆ ಕಾಯಿಲೆ ಬಂತು. ಊಟ ತಿದ್ಕೊಂಡು, ದಿನಾ ನಡೆಯೋದು ಅಭ್ಯಾಸ ಮಾಡ್ಕೊಂಡ ಗುಂಪಲ್ಲಿ 39 ಜನಕ್ಕೆ. ಇದರಲ್ಲಿ ವಿಶೇಷ ಏನು ಗೊತ್ತಾ? ಈ ಎರಡನೇ ಗುಂಪಿನೋರ ತೂಕ ಹೇಳಿಕೊಳ್ಳೋ ಹಾಗೆ ಇಳಿದೇ ಇರಲಿಲ್ಲ. ತೂಕದ ಮುಳ್ಳು ಅಲ್ಲಾಡದೇ ಇದ್ರೂ ಒಳಗೆ ಮೈ ಸುಧಾರಿಸಿತ್ತು. ಅದಕ್ಕೇ ಹೇಳೋದು, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ನಡೆಯೋ ಹೆಂಗಸನ್ನ "ಎಷ್ಟು ನಡೆದ್ರೂ ನೀನು ಹಾಗೇ ಇದೀಯಲ್ಲೇ" ಅಂತ ಕೆಣಕಬೇಡಿ. ಆ ಒಂದು ಮಾತಿಗೆ ಅವಳು ನಡೆಯೋದು ನಿಲ್ಸಿದ್ರೆ ನಷ್ಟ ಯಾರಿಗೆ?

ಇಷ್ಟೆಲ್ಲ ಓದಿ ನೀವು ಏನಂತೀರ ನನಗೆ ಗೊತ್ತು. "ನಮ್ಮನೇವ್ರಿಗೆ ಸೊಪ್ಪು ಸೇರಲ್ಲ, ಮಕ್ಕಳು ಮುದ್ದೆ ಮುಟ್ಟಲ್ಲ, ಅತ್ತೆಯವರಿಗೆ ಅನ್ನ ಇಲ್ಲದಿದ್ರೆ ಊಟ ಮಾಡಿದ ಹಾಗೆ ಆಗಲ್ಲ." ಸರಿ, ಅನ್ನ ಇರಲಿ. ಆದರೆ ಮನೇವ್ರಿಗೆ ಐವತ್ತೈದಾಯ್ತು, ಅವರ ಬಿಪಿ ಮಾತ್ರೆ ಡಬ್ಬ ನಿಮ್ಮ ಬೀರು ಮೇಲೇ ಇದೆ. ಮಗ ಕಂಪ್ಯೂಟರ್ ಮುಂದೆ ಕೂತು ಇಪ್ಪತ್ತೈದಕ್ಕೇ ಹೊಟ್ಟೆ ಬಿಟ್ಟಿದಾನೆ. ತರಕಾರಿ ಕಾಳು ಜಾಸ್ತಿ, ಎಣ್ಣೆ ಸಕ್ಕರೆ ಕಮ್ಮಿ ಅನ್ನೋದು ಅವರಿಗೂ ಬೇಕಾದ್ದೇ. ನಿಮ್ಮೊಬ್ಬರಿಗೆ ಅಂತ ಕೇಳಿದ್ರೆ "ನಿನ್ನ ಡಯಟ್ಟು ನಮ್ಮ ತಲೆಗೆ ಕಟ್ಟಬೇಡ" ಅಂತಾರೆ. ಮನೆಗೆಲ್ಲ ಅಂತ ಮಾಡಿ ಇಟ್ರೆ ಎರಡು ದಿನ ಗೊಣಗಿ ಮೂರನೇ ದಿನ ಉಣ್ತಾರೆ. ಅಡುಗೆ ಮನೆ ಯಜಮಾನಿಕೆ ನಮ್ಮ ಕೈಯಲ್ಲಿದೆ ಅಂತ ಬಾಯಿಮಾತಿಗೆ ಹೇಳ್ಕೊಳ್ತೀವಲ್ಲ, ಅದನ್ನ ಒಂದು ಸಲ ನಡೆಸಿಯೂ ತೋರಿಸೋಣ.

ಖರ್ಚಿನ ಮಾತೂ ಬರತ್ತೆ. ಒಂದೂವರೆ ಕೆಜಿ ತರಕಾರಿ, ಮೇಲೆ ಬೇಳೆ, ಸಂಬಳ ಎಲ್ಲಿಗೆ ಸಾಲತ್ತೆ ಅಂತ. ನಿಜ, ಟೊಮ್ಯಾಟೊ ನೂರು ರೂಪಾಯಿ ಆದ ದಿನ ಯಾರೂ ಏನೂ ಹೇಳೋ ಹಾಗಿಲ್ಲ. ಆದರೆ ತಿಂಗಳ ಸಾಮಾನಿನ ಚೀಟೀಲಿ ಎರಡು ಲೀಟರ್ ಎಣ್ಣೆ, ಎರಡು ಕೆಜಿ ಸಕ್ಕರೆ, ಬಿಸ್ಕತ್ತು, ಕುರುಕಲು ಹೊಡೆದು ಹಾಕಿ, ಡಬ್ಬದ ಪುಡಿ ಹಣ ಕೂಡಿಸಿ ನೋಡಿ. ಸೊಪ್ಪಿನಮ್ಮನಿಗೆ ಕೊಡೋಕೆ ಅದರಲ್ಲೇ ಹೊರಡತ್ತೆ. ಗೃಹಲಕ್ಷ್ಮಿ ಎರಡು ಸಾವಿರ 2023ರ ಆಗಸ್ಟಲ್ಲಿ ನಮ್ಮ ಮೈಸೂರಿಂದಲೇ ಶುರುವಾಯ್ತು. ಬರೋರು ಅದರಲ್ಲಿ ಮುನ್ನೂರೋ ನಾಲ್ಕುನೂರೋ ತಮ್ಮ ತಟ್ಟೆಗೆ ಅಂತ ಎತ್ತಿಡಿ. ಅದು ಮನೆ ಯಜಮಾನಿ ಹೆಸರಿಗೇ ಬರೋ ಹಣ.

ಕೊನೇದಾಗಿ ಮಿಕ್ಕಿದ್ದರ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಎಲ್ಲದಕ್ಕಿಂತ ದೊಡ್ಡದು ಅದೇ. ಮಿಕ್ಕದ ಹಾಗೆ ಅಡುಗೆ ಮಾಡೋಣ. ಅನ್ನಕ್ಕೆ ಅರ್ಧ ಲೋಟ ಅಕ್ಕಿ ಕಮ್ಮಿ ಇಡಿ, ಸಾಲದಿದ್ರೆ ಒಬ್ಬರು ಮೊಸರಲ್ಲಿ ಒಂದು ಹಣ್ಣು ತಿಂದು ಎದ್ದೇಳಲಿ, ಅದೇನೂ ಪ್ರಳಯ ಅಲ್ಲ. ಮಿಕ್ಕಿದ್ರೆ ಫ್ರಿಜ್ಜಲ್ಲಿಟ್ಟು ಮಾರನೇ ದಿನ ಎಲ್ಲರಿಗೂ ಒಂದೊಂದು ಪಾಲು ಬಡಿಸಿ, ಒಬ್ಬಳೇ ನುಂಗಬೇಡಿ. ನಮ್ಮ ಊರು 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶಕ್ಕೇ ಮೊದಲು ಬಂತಲ್ಲ, ಹಸಿ ಕಸ ಒಣ ಕಸ ಬೇರೆ ಮಾಡೋದನ್ನ ನಾವೆಲ್ಲ ಕಲ್ತಿದೀವಿ. ಹೆಂಗಸಿನ ಹೊಟ್ಟೆ ಹಸಿ ಕಸದ ಬುಟ್ಟಿ ಅಲ್ಲ ಅನ್ನೋದನ್ನೂ ಕಲಿಯೋಣ.

ಅಕ್ಕಂದಿರೇ, ಅತ್ತಿಗೆಯರೇ, ಓರಗಿತ್ತಿಯರೇ, ಈ ವಾರದಿಂದ ಮೂರು ಕೆಲಸ ಮಾಡೋಣ. ರಾತ್ರಿ ಊಟಕ್ಕೆ ಎಲ್ಲವನ್ನೂ ಮಧ್ಯ ಇಟ್ಕೊಂಡು ನೀವೂ ಎಲ್ಲರ ಜೊತೇಲೇ ಕೂತ್ಕೊಳ್ಳಿ, ಬಡಿಸ್ಕೊಳ್ಳೋ ಕೈ ಎಲ್ಲರಿಗೂ ಇದೆ. ತರಕಾರಿ ಚೀಲಕ್ಕೆ ದಿನಾ ಇನ್ನರ್ಧ ಕೆಜಿ ಜಾಸ್ತಿ ತನ್ನಿ. ಮೂರನೇದು, ಮುಂದಿನ ಮದುವೆ ಮನೇಲಿ ಮೈಕೈ ತುಂಬಿದ ಯಾವ ಹೆಣ್ಣುಮಗಳು ಸಿಕ್ಕಿದ್ರೂ "ಊದ್ಕೊಂಡಿದೀಯ" ಅನ್ನಬೇಡಿ. "ಊಟ ಆಯ್ತೇನಮ್ಮ, ಬಾ, ನನ್ನ ಪಕ್ಕ ಕೂತ್ಕೊ" ಅನ್ನಿ.